ಬಳೆಯಮ್ಮನ ಕೈ

ಮೇಗರವಳ್ಳಿ
೧೮ ಫೆಬ್ರವರಿ ೨೦೨೫

ಚಿರಂಜೀವಿ ಚೈತ್ರಾಳಿಗೆ ಅಜ್ಜನ ಆಶೀರ್ವಾದಗಳು.

ಹೇಗಿದ್ದೀಯ ಪುಟ್ಟಿ? ಧಾರವಾಡದ ಹಾಸ್ಟೆಲಿನ ಜೋಳದ ರೊಟ್ಟಿ ಹೊಟ್ಟೆಗೆ ಒಗ್ಗಿತೋ ಇಲ್ಲವೋ? ಬಿಸಿಲಿನಲ್ಲಿ ಕಲ್ಲು ಹುಡುಕುತ್ತಾ ಅಲೆಯುವಾಗ ತಲೆಗೊಂದು ಬಟ್ಟೆ ಕಟ್ಟಿಕೋ. ನಾವಿಲ್ಲಿ ಸೌಖ್ಯ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಫೋನಿನಲ್ಲೇ ಮಾತಾಡಬಹುದಿತ್ತು, ಆದರೆ ನಿನ್ನಜ್ಜಿ ಸ್ಪೀಕರ್ ಹಾಕದೆ ಫೋನು ಮುಟ್ಟುವವಳಲ್ಲ. ಹೆಸರಿಗೆ ಮೂಕಮ್ಮ; ನಾನು ನಿನಗೆ ಹೇಳಿದ ಗುಟ್ಟು ಸಂಜೆಯೊಳಗೆ ಆಗುಂಬೆ ತಲುಪಿರುತ್ತದೆ.

ಎಂ.ಎ. ಪ್ರಬಂಧದ ವಿಷಯ ಬದಲಿಸುತ್ತೇನೆ, ಬಳೆಯಮ್ಮನ ಕಲ್ಲಿನ ಸಹವಾಸವೇ ಬೇಡ ಎಂದು ನಿನ್ನಣ್ಣ ಅಶ್ವಿನನಿಗೆ ಹೇಳಿದೆಯಂತೆ. ಅದನ್ನು ಕೇಳಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಒಂದು ಸಾಲು ಬರೆಯುತ್ತೇನೆ, ಎದ್ದು ಅಂಗಳಕ್ಕೆ ಹೋಗುತ್ತೇನೆ, ಏಕೆ ಬಂದೆನೆಂದು ಮರೆತು ಮತ್ತೆ ಬಂದು ಕೂರುತ್ತೇನೆ.

ನೀನು ಹೇಳಿದ್ದು ತಪ್ಪಲ್ಲ, ಹೇಳಿದ ಹೊತ್ತು ಸರಿಯಿರಲಿಲ್ಲ, ಅಷ್ಟೆ. ನಮ್ಮ ಮನೆಗೆ ಬಂದ ಸೊಸೆಯಂದಿರೆಲ್ಲ ಗದ್ದೆಯಂಚಿನ ಆ ಕಲ್ಲಿಗೆ ಹಸಿರು ಬಳೆ ಇಟ್ಟು ಮುತ್ತೈದೆತನ ಬೇಡಿಕೊಂಡವರೇ. ಕಲ್ಲಿನಲ್ಲಿ ಮೇಲೆತ್ತಿದ ಒಂದು ಕೈ, ಮುಂಗೈ ತುಂಬಾ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು. ಅಮ್ಮ ಆಶೀರ್ವಾದ ಮಾಡುತ್ತಿದ್ದಾಳೆ, ನಿಂಬೆಹಣ್ಣು ದೃಷ್ಟಿಗೆ, ಎಂದೇ ನಾವು ತಿಳಿದದ್ದು. ಅಶ್ವಿನನ ಮದುವೆಯ ಮಾರನೆಯ ದಿನ ಹೊಸ ಸೊಸೆ ಕವನಾ ಬಳೆ ಇಡಲು ಬಗ್ಗಿದಾಗಲೇ ನೀನು, "ಅತ್ತಿಗೆ, ಇದು ಆಶೀರ್ವಾದದ ಕೈಯಲ್ಲ. ಮಾಸ್ತಿಕಲ್ಲು ಇದು. ಗಂಡನ ಚಿತೆಗೆ ಹೋದ ಹೆಂಗಸಿನ ಕೈ" ಅಂದುಬಿಟ್ಟೆ. ಪಾಪ, ಆ ಹುಡುಗಿ ಬಳೆ ಹಿಡಿದುಕೊಂಡು ಹಾಗೇ ನಿಂತಳು. ನಿನ್ನಪ್ಪ ಸತೀಶನಿಗೆ ಮೂಗಿನ ತುದಿಯಲ್ಲೇ ಸಿಟ್ಟು. "ಮದುವೆ ಮನೇಲಿ ಸತ್ತೋರ ಸುದ್ದಿ ಎತ್ತದಾ? ಇದ್ನ ಕಲಿಯಕ್ಕೆ ಧಾರವಾಡಕ್ಕೆ ಹೋಗ್ಬೇಕಿತ್ತಾ?" ಎಂದು ನೆಂಟರೆದುರೇ ಕೂಗಿದ. ನೀನು ಬ್ಯಾಗು ಹೆಗಲಿಗೇರಿಸಿ ತೀರ್ಥಹಳ್ಳಿ ಬಸ್ಸು ಹತ್ತಿದೆ. ಹಿಂದೆ ಬಂದು ತಡೆಯೋಣವೆಂದರೆ ನನ್ನ ಈ ಹಾಳು ಎದೆ ನಾಲ್ಕು ಹೆಜ್ಜೆಗೇ ಏದುಸಿರು ಬಿಡುತ್ತದೆ.

ಆಮೇಲಿನದು ನಿನಗೆ ಗೊತ್ತಿಲ್ಲ. ಎಲ್ಲರೂ ಊಟಕ್ಕೆ ಕೂತಾಗ ನಿನ್ನಜ್ಜಿ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು: "ಅಲ್ಲಾ, ಆ ಕಲ್ಲಿನೋಳು ತಾನಾಗೇ ಹೋದಳಾ, ಇಲ್ಲ ಎಳ್ಕೊಂಡ್ ಹೋಗಿ ಹಾಕಿದ್ರಾ?" ಮದುವೆಯಾಗಿ ಬಂದಾಗಿನಿಂದ ಆ ಕಲ್ಲಿಗೆ ಎಣ್ಣೆ ಹಚ್ಚಿದವಳು ಅವಳು. ಈಗ ಹಾಲು ಕಾಯಿಸುವಾಗಲೂ ಅದೇ ಯೋಚನೆ; ಉಕ್ಕಿ ಚೆಲ್ಲಿದರೂ ಎಚ್ಚರವಿಲ್ಲ. ಸತೀಶ ಕಲ್ಲು ಕಿತ್ತು ಹೊಳೆಗೆ ಹಾಕೋಣ ಎಂದರೆ, "ಬೆಂಕಿ ಕಂಡೋಳನ್ನ ನೀರಿಗೂ ಹಾಕ್ತೀಯನಾ? ಮುಟ್ಟಿದ್ರೆ ನೋಡು" ಎಂದು ಅವನ ಬಾಯಿ ಮುಚ್ಚಿಸಿದ್ದಾಳೆ. ಅಲ್ಲಿಂದ ತಾಯಿ ಮಗನ ನಡುವೆ ಮಾತು ಅಷ್ಟಕ್ಕಷ್ಟೆ.

ಅದಕ್ಕೇ ಹೇಳುತ್ತಿದ್ದೇನೆ, ವಿಷಯ ಬಿಡಬೇಡ. ಸಾಗರ, ಹೊಸನಗರದ ಕಡೆಯ ಕಲ್ಲುಗಳನ್ನು ಎಷ್ಟು ಬೇಕಾದರೂ ನೋಡು. ಆದರೆ ನಮ್ಮ ಗದ್ದೆಯದನ್ನು ಬಿಟ್ಟು ಊರವರದ್ದನ್ನಷ್ಟೇ ಬರೆದರೆ, ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದ ಹಾಗಾಗುತ್ತದೆ. ಆ ಹೆಣ್ಣಿನ ಬಗ್ಗೆ ತಿಳಿದಷ್ಟನ್ನು ಬರೆ, ತಿಳಿಯದ್ದನ್ನು ತಿಳಿಯದು ಎಂದೇ ಬರೆ. ಬರೆದು ತಂದು, ಇಲ್ಲಿ ಜಗಲಿಯ ಮೇಲೆ ಕೂತು ಎಲ್ಲರಿಗೂ ಓದಿ ಹೇಳು. ಸತೀಶನನ್ನು ನಾನು ನೋಡಿಕೊಳ್ಳುತ್ತೇನೆ. ನಾನಿರುವಾಗಲೇ ಇದು ಆಗಬೇಕು ಪುಟ್ಟಿ, ನನ್ನ ಚಡಪಡಿಕೆಯೆಲ್ಲ ಅದಕ್ಕೇ.

ಕವನಾ ನಿನ್ನ ಮೇಲೆ ಮುನಿಸಿಕೊಂಡಿಲ್ಲ. ಕಲ್ಲಿಗೆಂದು ತಂದ ಬಳೆಗಳನ್ನು ತಾನೇ ತೊಟ್ಟುಕೊಂಡು ಓಡಾಡುತ್ತಿದ್ದಾಳೆ. ನಿನ್ನನ್ನು ಕೇಳಿದೆನೆಂದು ಬರೆಯಲು ಹೇಳಿದಳು. ಹೊತ್ತಿಗೆ ಸರಿಯಾಗಿ ಉಣ್ಣು. ಹಿಡಿದ ಕೆಲಸ ನಿನ್ನ ಕೈಯಲ್ಲಿ ಚೆನ್ನಾಗಿ ಆಗಲಿ.

ನಿನ್ನ ಅಜ್ಜ,
ಮುಕುಂದಯ್ಯ

ಮರೆತದ್ದು: ಮಡಿಸಿದ ಕಾಗದ ಮತ್ತೆ ಬಿಚ್ಚಿದ್ದೇನೆ. ಇದನ್ನು ಅಂಚೆಗೆ ಹಾಕಬೇಕಾದ ಪಕ್ಕದ ಮನೆಯ ರವೀಶ ಹೊರಗೆ ಬೈಕಿನ ಹಾರನ್ ಹೊಡೆಯುತ್ತಿದ್ದಾನೆ. ನನ್ನ ಎದೆಯ ಆಪರೇಷನ್ ಮುಂದಿನ ತಿಂಗಳು. ಡಾಕ್ಟರು ಧೈರ್ಯ ಹೇಳಿದರು, ಆದರೆ ಅವರ ಮುಖದಲ್ಲೇ ಅದಿರಲಿಲ್ಲ. ನನಗೆ ಸಾವಿನ ಹೆದರಿಕೆಯಿಲ್ಲ. ನನ್ನ ಅಕ್ಕ ಬಂಗಾರಮ್ಮನ ಗಂಡ ಹೋದಾಗ, ಕೊಡುವುದಿಲ್ಲ ಎಂದು ಬೆನ್ನ ಹಿಂದೆ ಅಡಗಿಸಿದ ಅವಳ ಕೈಗಳನ್ನು ಎಳೆದು, ಬಾವಿಕಟ್ಟೆಗೆ ಕುಟ್ಟಿ ಬಳೆ ಒಡೆದರು. ಗಾಜು ಚುಚ್ಚಿ ರಕ್ತ ಬಂದಿತ್ತು. ಅಂದಿನವರು ಬಳೆ ಉಳಿಸಿ ಹೆಂಗಸನ್ನು ಸುಟ್ಟರು, ನಾವು ಹೆಂಗಸನ್ನು ಉಳಿಸಿ ಬಳೆ ಒಡೆಯುತ್ತೇವೆ. ನಿನ್ನಜ್ಜಿಗೆ ಅದಾಗಕೂಡದು. ಸತೀಶನಿಗೆ ಹೇಳಹೋದರೆ "ಅಪಶಕುನ ಮಾತಾಡ್ಬೇಡಿ" ಎಂದು ಎದ್ದು ಹೋಗುತ್ತಾನೆ. ನಾನು ಮನೆಗೆ ಮರಳದಿದ್ದರೆ ನೀನು ಅವಳ ಪಕ್ಕದಲ್ಲೇ ಇರು. ಯಾರೂ ಅವಳ ಕೈ ಹಿಡಿದು ಎಳೆಯದ ಹಾಗೆ ನೋಡಿಕೋ.