ಎಲೆಯ ಬುಡದ ಹೂವು

ರಾಣೆಬೆನ್ನೂರು
೧೮ ಜನವರಿ ೨೦೨೫

ಪ್ರೀತಿಯ ದೀಪಿಕಾ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಬೇರೇನೂ ಓದದಿದ್ದರೂ ಇದೊಂದು ಸಾಲು ಓದು: ನಮ್ಮ ಪ್ರಯೋಗ ಕೆಟ್ಟದ್ದು ನಿನ್ನಿಂದಲ್ಲ, ನನ್ನಿಂದ.

ಹದಿನೈದು ದಿನದ ಹಿಂದೆ ನಮ್ಮವ್ವ ಕದರಮಂಡಲಗಿಯಿಂದ ಬಂದಿದ್ದಳು. ಮೊಣಕಾಲಿನ ಬಾವನ್ನು ಡಾಕ್ಟರಿಗೆ ತೋರಿಸಿಕೊಂಡು ನೇರ ನಮ್ಮ ಲ್ಯಾಬಿಗೇ ಬಂದು ಕುಳಿತಳು. ಆಗ ನಾನು ಹನ್ನೊಂದನೆಯ ಸಲ ಸೋತು ಗಾಜಿನ ಕೊಳವೆ ತೊಳೆಯುತ್ತಿದ್ದೆ. ಇದೇನು ಮಾಡಾಕತ್ತಿ ಎಂದಳು. ತಿಳಿಯುವ ಹಾಗೆ ಹೇಳಿದೆ: ನೀರು ಬೆರೆಸಿದ ಮೊಟ್ಟೆಯ ಬಿಳಿ ಕಾಸಿದರೆ ಬೆಳ್ಳಗೆ ಕದಡುತ್ತದೆ; ಹೊನಗೊನೆ ಸೊಪ್ಪಿನ ಸಾರ ಬೆರೆಸಿದಾಗ ಕದಡದೆ ಉಳಿದರೆ, ಆ ಸೊಪ್ಪಿಗೆ ಉರಿಯೂತ ತಗ್ಗಿಸುವ ಗುಣ ಇರಬಹುದೆಂಬುದಕ್ಕೆ ಒಂದು ಸುಳಿವು. ನಮಗೆ ಒಮ್ಮೆಯೂ ಉಳಿದಿಲ್ಲ.

ಅವ್ವ ನಾವು ಒಣಗಿಸಿಟ್ಟಿದ್ದ ಗಿಡವನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಇದು ಹೊನಗೊನಿ ಅಲ್ಲವ್ವಾ. ಅದರ ಹೂವು ಎಲಿ ಬುಡಕ್ಕ ಅಂಟಿಕೊಂಡಿರ್ತಾವು. ಇದರ ಹೂವು ಕಡ್ಡಿ ಮ್ಯಾಲೆ ನಿಂತಾವ ನೋಡು. ಕಾಲುವಿ ಕಳೆ ಇದು. ಯಾರು ಕಿತ್ತಿದ್ದು?"

ಕಿತ್ತವಳು ನಾನು. ಸಸ್ಯಶಾಸ್ತ್ರದ ಸೋಮಪ್ಪ ಸರ್‌ಗೆ ತೋರಿಸಿದ್ದೇನೆ ಎಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಅವತ್ತು ಅವರ ಕೋಣೆಯ ಮುಂದೆ ಹುಡುಗರ ಸಾಲಿತ್ತು, ನಾನು ಊಟಕ್ಕೆ ಹೋಗಿಬಿಟ್ಟೆ. ಆಮೇಲೆ ಪ್ರಯೋಗ ಸೋಲತೊಡಗಿದಾಗ, ಶಾಖ ಹೆಚ್ಚಿಟ್ಟು ನೀನೇ ಹಾಳು ಮಾಡಿದೆ ಎಂದು ಎಲ್ಲರೆದುರು ಕೂಗಾಡಿದೆ. ಅವತ್ತು ಹಾವೇರಿಯ ನಿಮ್ಮ ಮನೆಗೆ ಹೋದ ನೀನು ಮತ್ತೆ ಕಾಲೇಜಿನ ಕಡೆಗೇ ಬರಲಿಲ್ಲ.

ಮರುದಿನ ಅವ್ವನ ಜೊತೆ ಊರಿಗೆ ಹೋಗಿ, ಕೆರೆ ಕೆಳಗಿನ ಬದುವಿನಲ್ಲಿ ನಿಜವಾದ ಹೊನಗೊನೆ ಕಿತ್ತೆ. ಈ ಸಲ ಸಾಲಿನಲ್ಲಿ ನಿಂತೆ. ಸೋಮಪ್ಪ ಸರ್ ನೋಡಿ, ಹೊನಗೊನೆಯೇ ಹೌದೆಂದು ಬರೆದು ಸಹಿ ಹಾಕಿದರು. ವಾರವಿಡೀ ನೆರಳಲ್ಲಿ ಒಣಗಿಸಿ ಸಾರ ತೆಗೆದೆ. ನಿನ್ನೆ, ನೀನು ಇಡುತ್ತಿದ್ದಷ್ಟೇ ಶಾಖವಿಟ್ಟು ಕಾಸಿದೆ.

ದೀಪಿ, ಕದಡಲಿಲ್ಲ. ಪೂರ್ತಿ ತಿಳಿ ಅಲ್ಲ, ಆದರೆ ಕೊಳವೆಯ ಆಚೆಗಿನ ಅಕ್ಷರ ಓದುವಷ್ಟು. ಮೂರು ಸಲ ಮಾಡಿದೆ, ಮೂರು ಸಲವೂ ಅಷ್ಟೇ. ನಾನು ಕುಣಿದ ಸದ್ದಿಗೆ ಅಟೆಂಡರ್ ಹೊಳಿಯಪ್ಪ ಏನೋ ಒಡೆಯಿತೆಂದು ಪೊರಕೆ ಹಿಡಿದುಕೊಂಡೇ ಓಡಿಬಂದ.

ಅವ್ವನಿಗೆ ಫೋನ್ ಮಾಡಿದಾಗ, "ಹಂಗಾರ ಗುಳಿಗಿ ಬಿಡ್ಲೇನು?" ಎಂದಳು. ಬಿಡಬೇಡ, ಇದು ಕೊಳವೆಯಲ್ಲಿ ಕಂಡ ಮಾತು, ಮೊಣಕಾಲಿನಲ್ಲಿ ಅಲ್ಲ ಎಂದೆ. "ಇರಲಿ ತಗೋ, ಪಲ್ಯಾ ಮಾಡಿ ಉಣ್ಣಾಕೇನ ಅಡ್ಡಿಯಿಲ್ಲಲ್ಲ" ಎಂದು ನಕ್ಕಳು.

ಸೋಮವಾರ ವರದಿ ಒಪ್ಪಿಸಬೇಕು. ಶಾಖದ ಲೆಕ್ಕವೆಲ್ಲ ನಿನ್ನದು, ಮೊದಲ ಹೆಸರೂ ನಿನ್ನದೇ. ನನ್ನ ಸುಳ್ಳನ್ನು ಸರ್ ಮುಂದೆಯೂ, ಎಲ್ಲರ ಮುಂದೆಯೂ ಹೇಳಿದ್ದೇನೆ. ಬೈಯಲಿಕ್ಕಾದರೂ ಬಾ.

ತಪ್ಪೊಪ್ಪಿಕೊಂಡು ಹಗುರಾದ ನಿನ್ನ,
ಕಾವ್ಯಾ

ತಾ.ಕ.: ಇದನ್ನು ಅಂಚೆಗೆ ಹಾಕಲು ಮನಸ್ಸಾಗದೆ ಹಾವೇರಿ ಬಸ್ಸು ಹತ್ತಿದೆ. ನಿಮ್ಮ ಮನೆಯ ಕೆಳಗೆ ಹಸೀನಾಬಿ ಚಾಚಿಯ ಬಳೆ ಅಂಗಡಿಯಲ್ಲೇ ಕುಳಿತಿದ್ದೇನೆ. ಎರಡು ಸಲ ನಿಮ್ಮ ಮೆಟ್ಟಿಲು ಹತ್ತಿ, ಬಾಗಿಲು ತಟ್ಟದೆ ಇಳಿದೆ. ಕೊನೆಗೆ ಚಾಚಿ, "ಕಾಗದ ನಾ ಕೊಡತೇನಿ, ಕುಂದ್ರು. ಈ ಸಲ ಆಕೀನ ಇಳದು ಬರ್ತಾಳ" ಎಂದು ನಿನಗೂ ಸೇರಿಸಿ ಚಹಾ ಹೇಳಿದ್ದಾರೆ.