ಕೋಟಿನೊಳಗಿನ ಎರಡು ಬೆರಳು

ಮಾರ್ಚ್ ೯, ಸೋಮವಾರ.

ಬೇಕರಿಯವರ ಕೋಟು ಬೆಳಗಿನಿಂದ ತಲೆ ತಿಂದಿತು. ಅವರ ಮದುವೆಗೆ ಅಪ್ಪ ಹೊಲಿದದ್ದು. "ನಾಡಿದ್ದು ಮಗನ ಮದುವೆ, ಇದನ್ನೇ ಹಾಕ್ಕೋಬೇಕು. ಹೊಟ್ಟೆ ಮಾತ್ರ ನನ್ನ ಮಾತು ಕೇಳಲ್ಲ ಕಣಮ್ಮ" ಅಂದರು. ತೀರಿಹೋದ ಅಪ್ಪನ ಕೆಲಸ ನನ್ನ ಕೈಯಲ್ಲಿ ಕೆಟ್ಟೀತೆಂಬ ಹೆದರಿಕೆಯಲ್ಲೇ ಹೊಲಿಗೆ ಬಿಚ್ಚಿದೆ. ಅಂದಿನ ಆ ಕಡ್ಡಿ ಪೈಲ್ವಾನನಿಗೂ ಒಳಗೆ ಎರಡು ಬೆರಳಗಲ ಬಟ್ಟೆ ಮಡಚಿಟ್ಟಿದ್ದಾನೆ, ಪುಣ್ಯಾತ್ಮ!

ನಮ್ಮ ಅಂಗಿಗಳಿಗೂ ಹೀಗೇ ಬಿಡುತ್ತಿದ್ದ. "ಇಷ್ಟು ಬಟ್ಟೆ ಯಾಕ್ರೀ ದಂಡ?" ಎಂದು ಅಮ್ಮ ರೇಗಿದರೆ, "ಉಂಡವರು ಬೆಳೀತಾರೆ ಕಣೇ, ಅಂಗಿಗೆ ಅದು ಗೊತ್ತಿರಬೇಕು" ಅನ್ನುತ್ತಿದ್ದ. ಒಂದೇ ಮಿಷನ್ನು ತುಳಿದು ನಮ್ಮೆಲ್ಲರನ್ನೂ ದಡ ಮುಟ್ಟಿಸಿದ.

ಸಂಜೆ ಬೇಕರಿಯವರು ಗುಂಡಿ ಹಾಕಿಕೊಂಡು, "ನಿಮ್ಮಪ್ಪ ನನ್ನ ಹೊಟ್ಟೇನ ಆಗ್ಲೇ ನೋಡಿಬಿಟ್ಟಿದ್ದ" ಅಂದರು. ನನ್ನ ಎದೆ ಉಬ್ಬಿತು.

ನಾಳೆ ಮಗಳ ಫ್ರಾಕು ಕತ್ತರಿಸಬೇಕು. ಎರಡು ಬೆರಳು ಬಿಟ್ಟೇ ಕತ್ತರಿಸುತ್ತೇನೆ.