ಬಾಗಿಲಿಗೆ ಅಂಟಿಸಿದ್ದ ನಿಯಮಗಳು

ಅಕ್ಕಾ,

ನಿನ್ನ ಪಾರ್ಲರಿನ ಗಿರಾಕಿಗಳಿಗೆ ಶಿಸ್ತು ಇರಲಿಲ್ಲ. ಕಲಿಸಲು ಹೊರಟವಳು ನಾನು. ಬಾಗಿಲಿಗೆ ಅಂಟಿಸಿದ್ದ ನಿಯಮಗಳ ಹಾಳೆಯನ್ನು ಈಗ ನಾನೇ ಕಿತ್ತಿದ್ದೇನೆ, ಹುಡುಕಬೇಡ.

ಗುಲ್ಷನ್ ಆಂಟಿ ಮಗಳು ಮೆಹ್ವಿಶ್‌ಗೆ ಮದುವೆಯ ಜಡೆ ಹಾಕಿಸಿ ನೋಡಲು ಹತ್ತೂವರೆಗೆ ಬರಬೇಕಿತ್ತು. ಇಪ್ಪತ್ತು ನಿಮಿಷ ತಡವಾಗಿ ಬಂದರು. ಹದಿನೈದು ನಿಮಿಷ ದಾಟಿದರೆ ಬುಕಿಂಗ್ ರದ್ದು ಎಂದು ಕಿಟಕಿಯಿಂದಲೇ ಹೇಳಿದೆ, ನಮ್ಮ ಹಾಸ್ಟೆಲ್ ವಾರ್ಡನ್ನಿನ ದನಿಯಲ್ಲಿ. ಶಿವಾಜಿನಗರಕ್ಕೆ ಸಾಮಾನು ತರಲು ಹೋದ ನೀನೇ ಇನ್ನೂ ಬಂದಿರಲಿಲ್ಲ ಎನ್ನುವುದು ಹೊಳೆಯಲಿಲ್ಲ.

"ತಲೆ ತೊಳ್ದು ಪೂರ್ತಿ ಒಣಗಿಸ್ಕೊಂಡು ಬನ್ನಿ ಅಂತ ನೀನೇ ಬರ್ದಿದ್ದೀಯಲ್ಲಮ್ಮಾ," ಎಂದರು ಆಂಟಿ. "ಮೆಹ್ವಿಶ್ ಕೂದ್ಲು ಸೊಂಟದ ತನಕ ಇದೆ. ಒಣಗೋದು ಬೇಡ್ವಾ?"

ವಾದ ಮಾಡಬಾರದು ಎಂಬ ಮೂರನೇ ನಿಯಮವನ್ನೂ ಓದಿ ಹೇಳಿದೆ. ಅದೇ ಆಟೋದಲ್ಲಿ ವಾಪಸ್ ಹೋದರು.

ಡಬ್ಬಿಯಲ್ಲಿ ಒಗ್ಗರಣೆ ಮಂಡಕ್ಕಿ ಇದೆ, ತಿಂದು ಆಮೇಲೆ ಬೈ. ಮೂರಕ್ಕೆ ಬುಕ್ ಮಾಡಿರುವ ಅಯ್ಯಮ್ಮ ಬರುತ್ತಾಳೆ. ಎಣ್ಣೆ ತಲೆಯಲ್ಲಿ ಬಂದರೂ, ಮಕ್ಕಳನ್ನೆಲ್ಲ ಕಟ್ಟಿಕೊಂಡು ಬಂದರೂ ಒಳಗೆ ಕೂರಿಸು.

ನಾನು ತಪ್ಪೊಪ್ಪಿಕೊಳ್ಳಲು ಕುಕ್ ಟೌನ್‌ಗೆ, ಆಂಟಿಯ ಮನೆಗೆ ಹೋಗುತ್ತಿದ್ದೇನೆ. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮೊದಲೇ ತಿಳಿಸದೆ ಬರಬಾರದು ಎನ್ನುವುದು ನಾನೇ ಬರೆದ ನಾಲ್ಕನೇ ನಿಯಮ.

ನಿನಗೆ ಸಿಕ್ಕ ಮೊದಲ ಮದುವೆ ಕೆಲಸ ಇದು ಎಂದು ಗೊತ್ತು. ಅವರು ಒಪ್ಪದಿದ್ದರೆ ನಿನ್ನ ಕೈತಪ್ಪಿ ಹೋದದ್ದು ಇಷ್ಟು: ಮದುಮಗಳು, ಅವಳ ತಾಯಿ, ಇಬ್ಬರು ಚಿಕ್ಕಮ್ಮಂದಿರು, ಒಬ್ಬ ಅತ್ತಿಗೆ. ಒಟ್ಟು ಐದು ತಲೆ.